ಪಠ್ಯಪುಸ್ತಕವಿಲ್ಲದ ಪರೀಕ್ಷೆ

ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆ ಬರೆಯುವ ವಿದ್ಯಾರ್ಥಿಗೆ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಎಂಬುದು ಮೊದಲೇ ಗೊತ್ತಿರುತ್ತದೆ. ಪಠ್ಯಪುಸ್ತಕದಿಂದ ಇಷ್ಟು ಗದ್ಯ, ಇಷ್ಟು ಪದ್ಯ; ಬಾಯಿಪಾಠ ಮಾಡಿ ಬರೆಯುವ ಪದ್ಯದ ಸಾಲುಗಳಿಗೆ ಇಷ್ಟು ಅಂಕ; ಪತ್ರಲೇಖನಕ್ಕೆ ಒಂದು ನಮೂನೆ, ಪ್ರಬಂಧಕ್ಕೆ ಐದಾರು ವಿಷಯ. ಓದಿನಲ್ಲಿ ಹಿಂದುಳಿದವರಿಗೆಂದೇ ‘ಪಾಸಿಂಗ್ ಪ್ಯಾಕೇಜ್’ ಸಿದ್ಧವಿರುತ್ತದೆ. ಇದೇ ವಿದ್ಯಾರ್ಥಿ ಆರೇಳು ವರ್ಷಗಳ ನಂತರ ಪದವಿ ಮುಗಿಸಿ, ವಿದೇಶದಲ್ಲಿ ಓದಲೋ ದುಡಿಯಲೋ ಹೊರಟು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಹೆಸರು ಕೊಟ್ಟಾಗ ಮೊದಲು ಕೇಳುವುದು ‘ಸಿಲಬಸ್ ಏನು?’ ಎಂದು. ಆ ಪರೀಕ್ಷೆಗೆ ಸಿಲಬಸ್ಸೇ ಇಲ್ಲ. ಇಲ್ಲಿಂದಲೇ ಅವನ ಕಷ್ಟ ಶುರುವಾಗುತ್ತದೆ. ಅದರ ಮೂಲ ಅವನ ಕನ್ನಡದಲ್ಲಿದೆ ಎಂದು ಸುತ್ತಲಿನವರು ಹೇಳುತ್ತಾರೆ. ಆ ಮಾತು ತಪ್ಪು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಪರೀಕ್ಷೆಗಳಲ್ಲಿ ಎರಡು ಬಗೆ. ಕಲಿಸಿದ ಪಾಠವನ್ನು ಎಷ್ಟು ಕಲಿತಿದ್ದಾರೆ ಎಂದು ಅಳೆಯುವುದು ಒಂದು. ಎಲ್ಲಿ ಕಲಿತರು, ಯಾರಿಂದ ಕಲಿತರು ಎಂದು ಕೇಳದೆ, ಈ ಹೊತ್ತು ಆ ಭಾಷೆಯಲ್ಲಿ ಏನು ಮಾಡಬಲ್ಲರು ಎಂದಷ್ಟೇ ನೋಡುವುದು ಇನ್ನೊಂದು. ನಮ್ಮ ಶಾಲಾ ಕಾಲೇಜುಗಳ ಪರೀಕ್ಷೆಗಳು ಮೊದಲ ಬಗೆಯವು. 1964ರಲ್ಲಿ ಆರಂಭವಾದ ಟೋಫೆಲ್, 1989ರಲ್ಲಿ ಬಂದ ಐಇಎಲ್‌ಟಿಎಸ್, 2009ರ ಪಿಟಿಇ, ಆರೋಗ್ಯ ಕ್ಷೇತ್ರದವರಿಗಾಗಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಒಇಟಿ ಎರಡನೆಯ ಬಗೆಯವು. ಐಇಎಲ್‌ಟಿಎಸ್‌ನಲ್ಲಿ ಸುಮಾರು ಅರ್ಧ ಗಂಟೆ ಕೇಳಿ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಒಂದು ಗಂಟೆ ಓದಿ ಮತ್ತೆ ನಲವತ್ತು. ಒಂದು ಗಂಟೆಯಲ್ಲಿ ಎರಡು ಬರಹ, ಒಂದು ಕನಿಷ್ಠ 150 ಪದಗಳದು, ಇನ್ನೊಂದು 250ರದು. ಕೊನೆಗೆ ಪರೀಕ್ಷಕರೊಂದಿಗೆ 11ರಿಂದ 14 ನಿಮಿಷದ ಮುಖಾಮುಖಿ ಮಾತು. ಇಲ್ಲಿ ಪಾಸು, ಫೇಲು ಎಂಬುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಬ್ಯಾಂಡ್‌ಗಳಲ್ಲಿ ನೀವು ಎಲ್ಲಿದ್ದೀರಿ ಎಂದು ಹೇಳಿ ಪರೀಕ್ಷೆ ಸುಮ್ಮನಾಗುತ್ತದೆ. ಎಷ್ಟು ಬ್ಯಾಂಡ್ ಬೇಕೆಂದು ತೀರ್ಮಾನಿಸುವುದು ವಿಶ್ವವಿದ್ಯಾಲಯ, ವೀಸಾ ಕಚೇರಿ ಅಥವಾ ವೃತ್ತಿ ಪರಿಷತ್ತು.

ಉತ್ತರ ಬೆಂಗಳೂರಿನ ಮನೆಗಳಲ್ಲಿ ಈ ಬ್ಯಾಂಡಿನ ಮಾತು ಈಗ ಸಿಇಟಿ ರ್‍ಯಾಂಕಿನಷ್ಟೇ ಸಾಮಾನ್ಯ. ಯಲಹಂಕದ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿವೆ, ಖಾಸಗಿ ವಿಶ್ವವಿದ್ಯಾಲಯಗಳಿವೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ದೊಡ್ಡ ಆಸ್ಪತ್ರೆಗಳಿವೆ, ಅವುಗಳಲ್ಲಿ ದುಡಿಯುವ ನರ್ಸ್‌ಗಳಿದ್ದಾರೆ. ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಯಶವಂತಪುರಕ್ಕೆ ಕೂಗಳತೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯಿಂದ ರೈಲು ಬಸ್ಸುಗಳಲ್ಲಿ ಇಲ್ಲಿಗೆ ಓದಲು ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರೂ ಇದ್ದಾರೆ. ಆರ್.ಟಿ. ನಗರದ ಮನೆಗಳಲ್ಲಿ ಉರ್ದು, ಕನ್ನಡ, ತಮಿಳು, ತೆಲುಗು ನಾಲ್ಕನ್ನೂ ಆಡಿ ಬೆಳೆದ ಮಕ್ಕಳಿದ್ದಾರೆ. ಇವರೆಲ್ಲರಿಗೂ ಕೋಚಿಂಗ್ ಫಲಕಗಳು ಕೊಡುವ ಭರವಸೆ ಒಂದೇ: ಕೆಲವೇ ವಾರಗಳಲ್ಲಿ ಬೇಕಾದ ಬ್ಯಾಂಡ್.

ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ಪರೀಕ್ಷೆಗಳಲ್ಲಿ ನಮ್ಮ ಮಕ್ಕಳನ್ನು ಹಿಂದಕ್ಕೆಳೆಯುತ್ತಿರುವುದು ಬಾಯಿಪಾಠ. ಹನ್ನೆರಡು ವರ್ಷ ಇಂಗ್ಲಿಷನ್ನು ಉರು ಹೊಡೆದು ಬಂದವರು ಅದೇ ರೋಗಕ್ಕೆ ಅದೇ ಔಷಧ ಎಂಬಂತೆ ಮತ್ತೆ ಉರು ಹೊಡೆಯಲು ಹಣ ಕಟ್ಟುತ್ತಾರೆ. ಇದಕ್ಕೆ ತಕ್ಕ ತಯಾರಿಯೆಂದರೆ ಸ್ವಂತ ವಿಚಾರವನ್ನು ಸ್ವಂತ ವಾಕ್ಯದಲ್ಲಿ ಹೇಳುವ ಅಭ್ಯಾಸ. ಆ ಅಭ್ಯಾಸಕ್ಕೆ ಗಟ್ಟಿಯಾದ ಕನ್ನಡ ದೊಡ್ಡ ಆಸರೆ. ಕನ್ನಡವನ್ನು ಮರೆತರೆ ಇಂಗ್ಲಿಷ್ ಬರುತ್ತದೆ ಎಂಬುದು ಕೇವಲ ಮೂಢನಂಬಿಕೆ.

ಮಾತಿನ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಅದರ ಎರಡನೆಯ ಭಾಗದಲ್ಲಿ ಅಭ್ಯರ್ಥಿಯ ಕೈಗೆ ಒಂದು ಚೀಟಿ ಬರುತ್ತದೆ. ನಿಮ್ಮ ಊರಿನ ಹತ್ತಿರ ಬಹಳ ಬದಲಾಗಿರುವ ಒಂದು ಜಾಗದ ಬಗ್ಗೆ ಹೇಳಿ ಎಂದು ಅದರಲ್ಲಿದೆ ಎಂದುಕೊಳ್ಳಿ. ಯೋಚಿಸಲು ಒಂದು ನಿಮಿಷ, ಗುರುತು ಹಾಕಿಕೊಳ್ಳಲು ಕಾಗದ, ಪೆನ್ಸಿಲ್. ಆಮೇಲೆ ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ದೇವನಹಳ್ಳಿ ಕಡೆಯ ಹುಡುಗನೊಬ್ಬ ‘ಐತಿಹಾಸಿಕ ಸ್ಥಳ’ ಎಂಬ ವಿಷಯಕ್ಕೆ ಮೈಸೂರು ಅರಮನೆಯ ಉತ್ತರವನ್ನು ಕಂಠಪಾಠ ಮಾಡಿ ಬಂದಿದ್ದಾನೆ. ಜಾಗ ಎಂಬ ಮಾತು ಕಂಡದ್ದೇ ಅದನ್ನು ಬಿಚ್ಚುತ್ತಾನೆ: ವಾಸ್ತುಶಿಲ್ಪಿ ಹೆನ್ರಿ ಇರ್ವಿನ್, ಮುಗಿದದ್ದು 1912ರಲ್ಲಿ, ದಸರಾ ದೀಪಗಳ ಸೊಬಗು. ಮಾತು ಸರಾಗ, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಮೂರನೆಯ ಭಾಗದಲ್ಲಿ ಪರೀಕ್ಷಕರು, ನಗರಕ್ಕೆ ರಸ್ತೆ ಬೇಕಾದಾಗ ಹಳೆಯ ಜಾಗಗಳನ್ನು ಉಳಿಸಿಕೊಳ್ಳಬೇಕೇ, ಯಾಕೆ ಎಂದು ಕೇಳಿದೊಡನೆ ಅವನ ಮಾತು ನಿಂತುಹೋಗುತ್ತದೆ. ಬಾಯಿಪಾಠದ ಸರಕು ಎರಡು ನಿಮಿಷಕ್ಕಷ್ಟೇ ಇತ್ತು.

ಇದೇ ಹುಡುಗ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ತನ್ನ ಊರಿನ ಸುತ್ತ ಏನಾಯಿತೆಂದು ಕನ್ನಡದಲ್ಲಿ ಅರ್ಧ ಗಂಟೆ ಹೇಳಬಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯ ತೋಟಗಳಿದ್ದ ಕಡೆ ಲೇಔಟ್ ಎದ್ದದ್ದು, ಎಕರೆಯ ಬೆಲೆ ಏರಿದ್ದು, ಭೂಮಿ ಮಾರಿದ ಮನೆಗಳಲ್ಲಿ ಕೆಲವು ಚಿಗುರಿದ್ದು, ಕೆಲವು ಬೀದಿಗೆ ಬಂದದ್ದು. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ಯೋಜನೆಯ ಬಗ್ಗೆ ಅವನಿಗೆ ಅಭಿಪ್ರಾಯವಿದೆ: ಬತ್ತಿದ ಕೆರೆ ತುಂಬಿತು, ಕೊಳವೆಬಾವಿಗೆ ಜೀವ ಬಂತು ಎನ್ನುವವರಿದ್ದಾರೆ, ಆ ನೀರು ಇನ್ನೂ ಒಂದು ಹಂತ ಶುದ್ಧವಾಗಬೇಕಿತ್ತು ಎನ್ನುವವರೂ ಇದ್ದಾರೆ, ಎರಡರಲ್ಲೂ ಸತ್ಯವಿದೆ ಎಂದು ಅವನು ವಾದಿಸಬಲ್ಲ. ಕಾರಣ ಕೊಡುವುದು, ಹೋಲಿಸುವುದು, ಎದುರು ಪಕ್ಷದ ಮಾತನ್ನು ಒಪ್ಪಿ ಮುಂದೆ ಹೋಗುವುದು, ಪರೀಕ್ಷಕರು ಮೂರನೆಯ ಭಾಗದಲ್ಲಿ ಹುಡುಕುವುದು ಇದನ್ನೇ. ಸರಕು ಅವನ ಬಳಿ ಇದೆ. ಪರೀಕ್ಷೆಗೆ ಬೇಕಾದದ್ದು ಅರಮನೆಯಂಥ ದೊಡ್ಡ ವಿಷಯ, ತನ್ನ ಕೆರೆ ತೋಟಗಳು ಲೆಕ್ಕಕ್ಕಿಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಅವನ ಸಾಧಾರಣ ಇಂಗ್ಲಿಷಿನಲ್ಲೇ ಆ ಕೆರೆಯ ಕಥೆ ಹೇಳಿದ್ದರೂ ಅರಮನೆಗಿಂತ ಉತ್ತಮ ಉತ್ತರವಾಗುತ್ತಿತ್ತು.

ಬರವಣಿಗೆಯಲ್ಲಿ ಈ ರೋಗ ಇನ್ನೂ ಗಾಢ. ಜಗತ್ತಿನಾದ್ಯಂತ ಐಇಎಲ್‌ಟಿಎಸ್ ಬರೆಯುವವರ ಸರಾಸರಿ ಕೆಳಗಿಳಿಯುವುದು ಬರವಣಿಗೆಯಲ್ಲೇ. ನಮ್ಮಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಕೇಳುವುದರಲ್ಲಿ ಎಂಟು ತೆಗೆದು ಬರೆಯುವುದರಲ್ಲಿ ಆರು, ಆರೂವರೆಗೆ ನಿಲ್ಲುವುದುಂಟು. ರಸ್ತೆಗಿಂತ ರೈಲಿಗೆ ಸರ್ಕಾರ ಹೆಚ್ಚು ಹಣ ಕೊಡಬೇಕೇ ಎಂಬ ಪ್ರಶ್ನೆ ಬಂದಿದೆ ಎನ್ನಿ. ಟೆಂಪ್ಲೇಟ್ ಕಲಿತವರು ‘ಈ ಆಧುನಿಕ ಯುಗದಲ್ಲಿ ಸಾರಿಗೆ ಮಹತ್ವದ ಪಾತ್ರ ವಹಿಸುತ್ತದೆ, ಪ್ರತಿಯೊಂದು ನಾಣ್ಯಕ್ಕೂ ಎರಡು ಮುಖಗಳಿವೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯಗಳಿಂದ ಶುರು ಮಾಡುತ್ತಾರೆ. ಆ ವಾಕ್ಯಗಳು ಮದ್ಯಪಾನದ ಪ್ರಶ್ನೆಗೂ ಹೊಂದುತ್ತವೆ, ಮೊಬೈಲಿನ ಪ್ರಶ್ನೆಗೂ ಹೊಂದುತ್ತವೆ; ಆದ್ದರಿಂದ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ. ಪರೀಕ್ಷೆ ನಡೆಸುವವರು ತಮ್ಮ ಅಳತೆಗೋಲನ್ನು ಬಚ್ಚಿಟ್ಟಿಲ್ಲ. ಕೇಳಿದ್ದಕ್ಕೆ ಉತ್ತರ, ವಿಚಾರದ ಜೋಡಣೆ, ಪದಸಂಪತ್ತು, ವ್ಯಾಕರಣ ಈ ನಾಲ್ಕಕ್ಕೂ ಸಮಪಾಲು ಅಂಕ. ಎಲ್ಲರಿಗೂ ಸಿಗುವಂತೆ ಪ್ರಕಟಿಸಿರುವ ಆ ವಿವರಣೆಯಲ್ಲಿ, ಸಂದರ್ಭಕ್ಕೆ ಹೊಂದದ ಬಾಯಿಪಾಠದ ಪದಗುಚ್ಛಗಳನ್ನು ಕೆಳಗಿನ ಬ್ಯಾಂಡಿನ ಲಕ್ಷಣ ಎಂದೇ ಹೇಳಿದೆ.

ಈ ಪ್ರಶ್ನೆಗೆ ತಯಾರಾಗುವ ದಾರಿ ಬೇರೆ. ಯಶವಂತಪುರಕ್ಕೆ ದಿನವೂ ಪ್ಯಾಸೆಂಜರ್ ರೈಲಿನಲ್ಲಿ ಬರುವ ವಿದ್ಯಾರ್ಥಿನಿ ಮೊದಲು ಮೂರು ಸಾಲನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ‘ಹೆಬ್ಬಾಳದಲ್ಲಿ ರಸ್ತೆಗೆ ಎಷ್ಟು ಸುರಿದರೂ ವಾಹನ ಅಷ್ಟೇ ಹೆಚ್ಚುತ್ತಿವೆ. ಒಂದು ರೈಲು ಒಮ್ಮೆಗೇ ಸಾವಿರಾರು ಜನರನ್ನು ತರುತ್ತದೆ, ಅದಕ್ಕೇ ರೈಲಿಗೆ ಹೆಚ್ಚು ಹಣ ಸಿಗಬೇಕು. ಆದರೆ ನಿಲ್ದಾಣದಿಂದ ಮನೆಗೆ ಬಸ್ಸಿಲ್ಲದಿದ್ದರೆ ರೈಲೂ ಪ್ರಯೋಜನಕ್ಕೆ ಬಾರದು.’ ನಿಲುವು, ಕಾರಣ, ಮಿತಿ, ಮೂರೂ ಸಿಕ್ಕವು. ಈಗ ಕನ್ನಡದ ಹಾಳೆಯನ್ನು ಪಕ್ಕಕ್ಕಿಟ್ಟು ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಬೇಕು. ವಾಕ್ಯಕ್ಕೆ ವಾಕ್ಯ ಅನುವಾದಿಸಲು ಹೋದರೆ ಕನ್ನಡದ ವಾಕ್ಯರಚನೆ ಇಂಗ್ಲಿಷಿನೊಳಗೆ ನುಗ್ಗಿ ಕೆಡಿಸುತ್ತದೆ. ಆದ್ದರಿಂದ ದಾಟಿಸಬೇಕಾದದ್ದು ವಿಚಾರವನ್ನು ಮಾತ್ರ. ಕೆಲವು ತಿಂಗಳು ಹೀಗೆ ಮಾಡಿದವರಿಗೆ ಕನ್ನಡದ ಮೂರು ಸಾಲು ತಲೆಯಲ್ಲೇ ಮೂಡುತ್ತವೆ, ಕಾಗದ ಬೇಕಾಗುವುದಿಲ್ಲ.

ಜಿಕೆವಿಕೆಯ ವಿದ್ಯಾರ್ಥಿಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ. ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಕೊನೆಯ ವರ್ಷದಲ್ಲಿ ಇವರು ‘ರಾವೆ’ ಎಂದು ಕರೆಯುವ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಉಳಿಯುತ್ತಾರೆ. ಇಂಗ್ಲಿಷಿನಲ್ಲಿ ಕಲಿತ ಮಣ್ಣುಪರೀಕ್ಷೆ, ಬೀಜೋಪಚಾರ, ಕೀಟನಿಯಂತ್ರಣಗಳನ್ನು ರೈತರಿಗೆ ಕನ್ನಡದಲ್ಲಿ ವಿವರಿಸುತ್ತಾರೆ. ‘ಜಿಪಿಯು-28 ರಾಗಿ ಹಾಕಿದರೆ ಬೆಂಕಿರೋಗ ಕಡಿಮೆ ಅಂತೀಯಲ್ಲಪ್ಪ, ಹುಲ್ಲು ಎಷ್ಟು ಬರುತ್ತೆ ಹೇಳು’ ಎಂದು ಹಿರಿಯ ರೈತರು ಕೇಳಿದರೆ ಪುಸ್ತಕದ ಸಾಲು ಒಪ್ಪಿಸಿ ಪಾರಾಗುವಂತಿಲ್ಲ. ಎದುರಿಗಿರುವವರಿಗೆ ಏನು ಬೇಕು ಎಂದು ಅರಿತು, ತಿಳಿದದ್ದರಲ್ಲಿ ಅದನ್ನಷ್ಟೇ ಆರಿಸಿ ಹೇಳಬೇಕು. ನೆದರ್ಲೆಂಡ್ಸಿಗೋ ಅಮೆರಿಕಕ್ಕೋ ಸ್ನಾತಕೋತ್ತರ ಓದಿಗೆ ಹೊರಡುವ ಇದೇ ವಿದ್ಯಾರ್ಥಿಗಳಿಗೆ ಐಇಎಲ್‌ಟಿಎಸ್ ಕೊಡುವ ಮೊದಲ ಬರಹದ ಕೆಲಸ ಒಂದು ನಕ್ಷೆಯನ್ನೋ ಕೋಷ್ಟಕವನ್ನೋ ನೋಡಿ ಮುಖ್ಯವಾದದ್ದನ್ನು ಆರಿಸಿ ವಿವರಿಸುವುದು. ಹಳ್ಳಿಯ ಕಟ್ಟೆಯ ಮೇಲೆ ಅವರು ಮಾಡಿ ಬಂದ ಕೆಲಸವೇ ಅದು. ಆದರೆ ಈ ಎರಡರ ನಡುವೆ ನಂಟಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಈ ನಂಟಿಗೆ ಶಿಕ್ಷಣಶಾಸ್ತ್ರದ ಆಧಾರವೂ ಇದೆ. ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದದ ಸಾರ ಇದು: ಒಂದು ಭಾಷೆಯಲ್ಲಿ ಬೆಳೆಸಿಕೊಂಡ ಓದುವ, ತರ್ಕಿಸುವ, ವಿಷಯವನ್ನು ಜೋಡಿಸುವ ಶಕ್ತಿ ಇನ್ನೊಂದು ಭಾಷೆಗೂ ದಾಟಿಬರುತ್ತದೆ, ಆ ಎರಡನೆಯ ಭಾಷೆಯ ಸಂಪರ್ಕ ಸಾಕಷ್ಟಿರಬೇಕು, ಕಲಿಯುವ ಮನಸ್ಸಿರಬೇಕು, ಅಷ್ಟೆ. ದಿನನಿತ್ಯದ ಮಾತುಕತೆ ಬೇಗ ಬರುತ್ತದೆ, ಓದಿಗೆ ಬೇಕಾದ ಭಾಷೆ ಬರಲು ವರ್ಷಗಳು ಹಿಡಿಯುತ್ತವೆ ಎಂದೂ ಅವರು ಬೇರ್ಪಡಿಸಿ ತೋರಿಸಿದರು. ಕಾಲ್‌ಸೆಂಟರಿನಲ್ಲಿ ಲೀಲಾಜಾಲವಾಗಿ ಇಂಗ್ಲಿಷ್ ಮಾತಾಡುವವರು 250 ಪದಗಳ ವಾದ ಬರೆಯಲು ಕುಳಿತಾಗ ತಡವರಿಸುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ನಮ್ಮ ನಾಡಿನ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ‘ಇಂಗ್ಲಿಷ್ ಗೀತಗಳು’ ಕೊಟ್ಟು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು ವರದಿ ಕೊಟ್ಟ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಯು.ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧನೆ ನಡೆಸುತ್ತಿದ್ದಾಗಲೇ ‘ಸಂಸ್ಕಾರ’ವನ್ನು ಕನ್ನಡದಲ್ಲಿ ಬರೆದರು. ಇವರು ಅಸಾಮಾನ್ಯರು, ನಿಜ. ಆದರೂ ಒಂದು ಭಾಷೆಯಲ್ಲಿ ಆಳಕ್ಕಿಳಿದವರಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ ಎಂಬುದಕ್ಕೆ ಇವರು ಸಾಕ್ಷಿ.

ಹಾಗೆಂದು ಕನ್ನಡದಿಂದ ತೊಡಕೇ ಇಲ್ಲವೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು. ತೊಡಕುಗಳಿವೆ, ಅವನ್ನು ಹೆಸರಿಟ್ಟು ಗುರುತಿಸಿದರೆ ತಿದ್ದಲು ಸುಲಭ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದದ್ದು ಕನ್ನಡದಲ್ಲಿ ಇಲ್ಲ, ಹಾಗಾಗಿ ಅವು ಬಿಟ್ಟುಹೋಗುತ್ತವೆ ಅಥವಾ ಬೇಡದ ಕಡೆ ನುಸುಳುತ್ತವೆ. ‘ಅಲ್ಲೇ ಇದ್ದೆ’ ಎನ್ನುವುದಕ್ಕೆ ವಾಕ್ಯದ ಕೊನೆಗೆ ‘ಓನ್ಲಿ’ ಸೇರಿಸುತ್ತೇವೆ. ಎಕಾರದಿಂದ ಆರಂಭವಾಗುವ ಪದಕ್ಕೆ ಯಕಾರದ ಸ್ಪರ್ಶ ಕೊಡುತ್ತೇವೆ, ವ್ಯಂಜನದಿಂದ ಮುಗಿಯುವ ಪದಕ್ಕೆ ಉಕಾರ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಪ್ರತಿ ಪದಕ್ಕೂ ಒತ್ತು ಬೀಳುವ ಒಂದು ಜಾಗವಿದೆ. ನಾವು ಎಲ್ಲ ಅಕ್ಷರಗಳನ್ನೂ ಸಮನಾಗಿ ಉಚ್ಚರಿಸುತ್ತೇವೆ. ಇವುಗಳಲ್ಲಿ ಯಾವುದು ಮುಖ್ಯ? ಪರೀಕ್ಷಕರು ನೋಡುವುದು ಹೇಳಿದ್ದು ಸುಲಭವಾಗಿ ಅರ್ಥವಾಗುತ್ತದೆಯೇ ಎಂದು. ಕನ್ನಡಿಗರ ಇಂಗ್ಲಿಷ್ ಕನ್ನಡಿಗರ ಇಂಗ್ಲಿಷಿನಂತೆಯೇ ಕೇಳಿಸಿದರೆ ಅಂಕ ಹೋಗುವುದಿಲ್ಲ. ಆದ್ದರಿಂದ ಅಮೆರಿಕನ್ನರ ಹಾಗೆ ನಾಲಿಗೆ ಹೊರಳಿಸಲು ಕಳೆಯುವ ಸಮಯ ವ್ಯರ್ಥ. ಒತ್ತಿನ ಜಾಗ ಕಲಿಯಲು ಕಳೆಯುವ ಸಮಯ ಸಾರ್ಥಕ, ಯಾಕೆಂದರೆ ಒತ್ತು ತಪ್ಪಿದರೆ ಪದವೇ ಗುರುತು ಸಿಗದೆ ಹೋಗುತ್ತದೆ.

ನರ್ಸ್‌ಗಳ ಕಥೆಯನ್ನು ಬೇರೆಯಾಗಿಯೇ ನೋಡಬೇಕು, ಯಾಕೆಂದರೆ ಅವರ ಪಾಲಿಗೆ ಅರ್ಧ ಬ್ಯಾಂಡ್ ಎಂದರೆ ಕುಟುಂಬದ ಸಾಲ ತೀರುವ ವರ್ಷ. ಬ್ರಿಟನ್ನಿನ ನರ್ಸಿಂಗ್ ಪರಿಷತ್ತು ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಕೆ, ಮಾತು ಮೂರಕ್ಕೂ ಏಳು ಕೇಳುತ್ತದೆ. ಬರವಣಿಗೆಗೂ ಕೇಳುತ್ತಿದ್ದ ಏಳನ್ನು 2018ರ ಕೊನೆಯಲ್ಲಿ ಆರೂವರೆಗೆ ಇಳಿಸಿತು. ಇದಕ್ಕೆ ಬದಲಾಗಿ ಒಇಟಿ ಬರೆಯಬಹುದು. ಅದರಲ್ಲಿ ರೋಗಿಯ ದಾಖಲೆಯ ಟಿಪ್ಪಣಿಗಳನ್ನು ಕೊಟ್ಟು, ಇನ್ನೊಬ್ಬ ವೈದ್ಯಕೀಯ ಸಿಬ್ಬಂದಿಗೆ 180ರಿಂದ 200 ಪದಗಳ ಪತ್ರ ಬರೆಯಲು ಹೇಳುತ್ತಾರೆ. ಟಿಪ್ಪಣಿಯಲ್ಲಿರುವುದೆಲ್ಲ ಪತ್ರಕ್ಕೆ ಬೇಕಿಲ್ಲ. ಓದುವವರಿಗೆ ಬೇಕಾದದ್ದನ್ನು ಆರಿಸುವುದೇ ಪರೀಕ್ಷೆ. ಮಾತಿನಲ್ಲಿ ಸುಮಾರು ಐದೈದು ನಿಮಿಷದ ಎರಡು ಪಾತ್ರಾಭಿನಯ: ಎದುರಿಗಿರುವವರು ಹೆದರಿದ ರೋಗಿಯಾಗಿ ಮಾತಾಡುತ್ತಾರೆ, ನರ್ಸ್ ಸಮಾಧಾನ ಹೇಳಿ ವಿವರಿಸಬೇಕು. ಹೆಬ್ಬಾಳದ ಯಾವುದೇ ವಾರ್ಡಿನಲ್ಲಿ ‘ಅಮ್ಮಾ, ಹೆದರ್ಕೋಬೇಡಿ, ಈ ಪೈಪು ಎರಡೇ ದಿನ. ನಿಮಗೆ ಉಸಿರಾಟ ಸರಿಹೋದ ತಕ್ಷಣ ತೆಗೀತೀವಿ. ನೋವಾದ್ರೆ ಈ ಗುಂಡಿ ಒತ್ತಿ, ನಾನು ಬರ್ತೀನಿ’ ಎಂದು ಹೇಳುವ ಸಿಸ್ಟರ್ ಆ ಪರೀಕ್ಷೆಯ ಕಠಿಣ ಭಾಗವನ್ನು ಆಗಲೇ ಬಲ್ಲವರು. ಧೈರ್ಯ, ಕಾರಣ, ಅವಧಿ, ಮುಂದೇನು ಮಾಡಬೇಕು, ನಾಲ್ಕೂ ಆ ಮಾತಿನಲ್ಲಿವೆ. ‘ಚಿಂತಿಸಬೇಡಿ, ಎಲ್ಲ ಸರಿಹೋಗುತ್ತದೆ’ ಎಂಬ ಇಂಗ್ಲಿಷ್ ವಾಕ್ಯವನ್ನು ಉರು ಹೊಡೆದು ಬಂದವರ ಮಾತಿನಲ್ಲಿ ಇವುಗಳಲ್ಲಿ ಮೂರು ಇರುವುದಿಲ್ಲ.

ಇಲ್ಲಿಗೆ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು, ಕೋಚಿಂಗಿನಿಂದ ಅಂಕ ಬಂದವರಿದ್ದಾರಲ್ಲ ಎಂಬುದು. ಇದ್ದಾರೆ. ಪ್ರಶ್ನೆಪತ್ರಿಕೆಯ ಸ್ವರೂಪ, ಸಮಯದ ಹಂಚಿಕೆ, ಕಂಪ್ಯೂಟರ್ ಪರದೆಯ ಮೇಲೆ ಓದುವ ರೂಢಿ ಇವನ್ನು ಒಳ್ಳೆಯ ಶಿಕ್ಷಕರು ಕೆಲವೇ ವಾರಗಳಲ್ಲಿ ಕಲಿಸಬಲ್ಲರು. ಬರೆದದ್ದನ್ನು ಕುಳಿತು ತಿದ್ದಿಕೊಡುವ ಶಿಕ್ಷಕರು ಸಿಕ್ಕರೆ ಶುಲ್ಕ ಕೊಟ್ಟದ್ದು ಸಾರ್ಥಕ. ಆದರೆ ಭಾಷೆಯ ಮಟ್ಟವೇ ಏರಬೇಕಾದವರಿಗೆ ವಾರಗಳು ಸಾಲವು. ಯುರೋಪಿನ ಭಾಷಾ ಮಾನದಂಡದಲ್ಲಿ ಒಂದು ಮಟ್ಟದಿಂದ ಮುಂದಿನದಕ್ಕೆ ಹೋಗಲು ಸುಮಾರು 200 ಗಂಟೆಗಳ ಮಾರ್ಗದರ್ಶಿತ ಕಲಿಕೆ ಬೇಕು ಎಂಬುದು ಐಇಎಲ್‌ಟಿಎಸ್ ರೂಪಿಸುವ ಕೇಂಬ್ರಿಜ್‌ನವರೇ ಕೊಟ್ಟಿರುವ ಅಂದಾಜು. ದಿನಕ್ಕೊಂದು ಗಂಟೆಯಂತೆ ಆರೂವರೆ ತಿಂಗಳು. ಐದೂವರೆಯಲ್ಲಿರುವವರಿಗೆ ಮೂವತ್ತು ದಿನದಲ್ಲಿ ಏಳೂವರೆ ಕೊಡಿಸುತ್ತೇವೆ ಎನ್ನುವ ಜಾಹೀರಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಎರಡನೆಯದು, ಮಕ್ಕಳನ್ನು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಈ ಸಮಸ್ಯೆಯೇ ಇರುವುದಿಲ್ಲ ಎಂಬುದು. ಪೋಷಕರ ಈ ಆಸೆಯನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಮಾಧ್ಯಮದ ಆಯ್ಕೆ ಅವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ರಾಜ್ಯ ಸರ್ಕಾರವೇ 2019-20ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲೂ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಪಿಯುಸಿ ಮುಗಿಸುವಾಗ ಹನ್ನೆರಡು ವರ್ಷ ಇಂಗ್ಲಿಷ್ ಓದಿದಂತಾಯಿತು. ಈ ಹನ್ನೆರಡು ವರ್ಷಗಳಲ್ಲಿ ಎರಡು ನಿಮಿಷ ಸ್ವಂತವಾಗಿ ಇಂಗ್ಲಿಷಿನಲ್ಲಿ ಮಾತಾಡುವ ಅವಕಾಶ ಎಷ್ಟು ಮಕ್ಕಳಿಗೆ ಸಿಗುತ್ತದೆ? ಅಂತಿಮ ಪರೀಕ್ಷೆ ಲಿಖಿತ ಪರೀಕ್ಷೆ. ಅಂಕವಿಲ್ಲದ್ದಕ್ಕೆ ತರಗತಿಯಲ್ಲಿ ಸಮಯವಿರುವುದಿಲ್ಲ. ಮಾಧ್ಯಮ ಯಾವುದೇ ಇರಲಿ, ಶಿಕ್ಷಕರು ಹೇಳಿಬರೆಸಿದ ನೋಟ್ಸನ್ನು ಒಪ್ಪಿಸುವುದೇ ಕಲಿಕೆಯಾದರೆ ಫಲ ಒಂದೇ. ಇಂಗ್ಲಿಷ್ ಮಾಧ್ಯಮದಲ್ಲಿ ಬಾಯಿಪಾಠ ಮಾಡಿದ ಮಗು ಎರಡೂ ಭಾಷೆಗಳಲ್ಲಿ ಒಂದು ಪುಟ ಸ್ವಂತವಾಗಿ ಬರೆಯಲಾರದೆ ಹೊರಬರುತ್ತದೆ. ಇದು ಕನ್ನಡ ಮಾಧ್ಯಮದ ಕೊರತೆಗಿಂತ ಗಂಭೀರವಾದ ನಷ್ಟ.

ಮೂರನೆಯ ಆಕ್ಷೇಪ ನ್ಯಾಯದ್ದು, ಅದಕ್ಕೆ ತೂಕವಿದೆ. ಪದವಿಯಿಡೀ ಇಂಗ್ಲಿಷಿನಲ್ಲಿ ಓದಿದವರಿಗೂ ಮತ್ತೆ ಇಂಗ್ಲಿಷ್ ಪರೀಕ್ಷೆ ಯಾಕೆ? ಬ್ರಿಟನ್ ವೀಸಾಕ್ಕಾಗಿ ಇಟ್ಟುಕೊಂಡಿರುವ ಇಂಗ್ಲಿಷ್ ಬಹುಸಂಖ್ಯಾತ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಒಂದು ಬಾರಿ ಬರೆಯಲು ಹದಿನೇಳು, ಹದಿನೆಂಟು ಸಾವಿರ ರೂಪಾಯಿ ಬೇಕು. ಫಲಿತಾಂಶಕ್ಕೆ ಎರಡೇ ವರ್ಷದ ಆಯುಸ್ಸು. ನಿಯಮಗಳು ರಾತ್ರೋರಾತ್ರಿ ಬದಲಾಗುತ್ತವೆ. ಆರು ಬ್ಯಾಂಡ್ ಇದ್ದವರಿಗೆ ಬೇಗ ವೀಸಾ ಕೊಡುತ್ತಿದ್ದ ಕೆನಡಾದ ಎಸ್‌ಡಿಎಸ್ ವ್ಯವಸ್ಥೆಯನ್ನು 2024ರ ನವೆಂಬರ್ 8ರಂದು ನಿಲ್ಲಿಸಲಾಯಿತು. ಬ್ರಿಟನ್ನಿನಲ್ಲಿ 2014ರಲ್ಲಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೆಲವು ಕೇಂದ್ರಗಳ ವಂಚನೆ ಬಯಲಾದಾಗ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ತಪ್ಪೇ ಮಾಡದವರೂ ವರ್ಷಗಟ್ಟಲೆ ನ್ಯಾಯಾಲಯ ಅಲೆದರು. ಭಾಷೆಯ ಹೆಸರಿನಲ್ಲಿ ಬಡದೇಶಗಳವರಿಗೆ ಕಟ್ಟಿದ ಗೇಟು ಇದು ಎಂಬ ಮಾತನ್ನು ಅಲ್ಲಗಳೆಯಲಾಗದು. ಈ ಅನ್ಯಾಯದ ವಿರುದ್ಧ ಸರ್ಕಾರಗಳು, ವಿಶ್ವವಿದ್ಯಾಲಯಗಳು ದನಿಯೆತ್ತಬೇಕು. ಆದರೆ ಬಾಯಿಪಾಠ ಈ ಅನ್ಯಾಯದ ಭಾರವನ್ನು ಹೆಚ್ಚಿಸುತ್ತದೆ. ಟೆಂಪ್ಲೇಟ್ ನಂಬಿ ಆರಕ್ಕೆ ನಿಂತವರು ಮತ್ತೆ ಮತ್ತೆ ಶುಲ್ಕ ಕಟ್ಟುತ್ತಾರೆ, ಆ ಹಣ ಬರುವುದು ಮನೆಯ ಒಡವೆಯಿಂದ. ಇನ್ನು ‘ಐಇಎಲ್‌ಟಿಎಸ್ ಇಲ್ಲದೆಯೇ ವಿದೇಶ’ ಎನ್ನುವ ಏಜೆಂಟರ ಮಾತನ್ನು, ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣವನ್ನು ತಾವೇ ಓದಿ ನೋಡದೆ ಯಾರೂ ನಂಬಬಾರದು.

ಹಾಗಾದರೆ ತಯಾರಿ ಹೇಗಿರಬೇಕು? ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಅದನ್ನು ಕೇಳುತ್ತ, ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಿ. ನಿಮ್ಮ ತಪ್ಪುಗಳು ನಿಮ್ಮ ಕಣ್ಣೆದುರಿಗೇ ಬರುತ್ತವೆ. ಆ ತಪ್ಪುಗಳಿಗೆ ಒಂದು ಪುಸ್ತಕ ಇಡಿ; ಒಬ್ಬೊಬ್ಬರು ಸಾಮಾನ್ಯವಾಗಿ ಮಾಡುವುದು ಎಂಟು ಹತ್ತು ಬಗೆಯ ತಪ್ಪುಗಳನ್ನೇ, ಮತ್ತೆ ಮತ್ತೆ. ಪದಪಟ್ಟಿ ಉರು ಹೊಡೆಯುವ ಬದಲು ದಿನವೂ ಒಂದು ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ಪುಟ ಓದಿ, ಅದರ ವಾದವನ್ನು ಕನ್ನಡದಲ್ಲಿ ಎರಡು ಸಾಲಿಗೆ ಇಳಿಸಿ, ಒಪ್ಪುತ್ತೀರೋ ಇಲ್ಲವೋ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಕೇಳುವ ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಹೆಸರಘಟ್ಟ ಹೋಬಳಿಯಲ್ಲಿರುವ ಐಸಿಟಿಎಸ್ ಸಂಸ್ಥೆ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಎಂಬ ಸಾರ್ವಜನಿಕ ವಿಜ್ಞಾನ ಉಪನ್ಯಾಸಗಳನ್ನು ನಡೆಸುತ್ತದೆ, ಅವುಗಳ ವಿಡಿಯೊ ಯೂಟ್ಯೂಬಿನಲ್ಲಿ ಉಚಿತ. ಬೇರೆ ಬೇರೆ ದೇಶದವರ ಇಂಗ್ಲಿಷಿಗೆ ಕಿವಿ ಒಗ್ಗಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಉಳಿದದ್ದು ಸಂಸ್ಥೆಗಳ ಹೊಣೆ. ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳು ವಿದೇಶದಲ್ಲಿ ಓದಲೆಂದು ರಾಜ್ಯ ಸರ್ಕಾರ ‘ಪ್ರಬುದ್ಧ’ ಯೋಜನೆ ರೂಪಿಸಿದೆ, ಕೆಎಎಸ್ ಮತ್ತು ಯುಪಿಎಸ್‌ಸಿಗೆ ಉಚಿತ ತರಬೇತಿ ಕೊಡುತ್ತಿದೆ. ವಿದೇಶಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಮೊದಲು ಕೇಳುವ ಭಾಷಾ ಪರೀಕ್ಷೆಗೂ ಅಂಥದೇ ತರಬೇತಿ ಬೇಕು, ಬಡ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು ಒಮ್ಮೆಯಾದರೂ ಸರ್ಕಾರ ತುಂಬಬೇಕು. ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಪ್ರಾದೇಶಿಕ ಸಂಸ್ಥೆ 1963ರಿಂದ ಇದೇ ನಗರದಲ್ಲಿದೆ. ತಿಳಿವಳಿಕೆಯ ಕೊರತೆ ನಮಗಿಲ್ಲ. ಯಲಹಂಕದಿಂದ ಯಶವಂತಪುರದವರೆಗಿನ ಪದವಿ ಕಾಲೇಜುಗಳು ವಾರಕ್ಕೆ ಮೂರು ಸಂಜೆ ಒಂದು ಕೊಠಡಿ ತೆರೆದು, ಮಕ್ಕಳು ತಮ್ಮ ಊರಿನ ವಿಷಯದ ಮೇಲೆ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ವಾದಿಸಲು ಬಿಟ್ಟರೆ ಖರ್ಚು ಹೆಚ್ಚಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮಾತಿಗೂ ಕೆಲವು ಅಂಕ ಮೀಸಲಿಟ್ಟರೆ ಈ ಕೆಲಸ ಕೆಲವು ವರ್ಷ ಮೊದಲೇ ಆರಂಭವಾಗುತ್ತದೆ.

ಪರೀಕ್ಷೆಗೆ ಹೊರಟಿರುವವರಿಗೆ ನನ್ನದು ಒಂದೇ ಮಾತು. ಶುಲ್ಕ ಕಟ್ಟಿ ದಿನಾಂಕ ಗೊತ್ತುಮಾಡುವ ಮೊದಲು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಯಾರ ನೋಟ್ಸೂ ಇಲ್ಲದೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ನೋಡಿ. ಆಗದಿದ್ದರೆ ಅದನ್ನೇ ಕನ್ನಡದಲ್ಲಿ ಬರೆದು ನೋಡಿ. ಕನ್ನಡದಲ್ಲಿ ಬಂದರೆ ನಿಮಗೆ ಬೇಕಾದದ್ದು ಇಂಗ್ಲಿಷಿನ ಅಭ್ಯಾಸ, ಆರು ತಿಂಗಳು ಕೊಡಿ. ಕನ್ನಡದಲ್ಲೂ ಬಾರದಿದ್ದರೆ ಮೊದಲು ಕನ್ನಡದಲ್ಲಿ ಬರೆಯಲು ಕಲಿಯಿರಿ. ಆ ದಾರಿಯೇ ಹತ್ತಿರದ್ದು.